ಹುರುಳಿಕಾಳಿನ ತೂಕ, ಹೆಂಡತಿಯ ಪಿಸ್ತೂಲು

ಮನೆಯಲ್ಲಿ ಪಿಸ್ತೂಲಿರುವ ಗಂಡಸಿಗೆ ಊರಿನಲ್ಲಿ ಒಂದು ಬೆಲೆ ಇರುತ್ತದೆ, ಪಿಸ್ತೂಲು ಹೆಂಡತಿಯದು ಎಂದು ಗೊತ್ತಾಗುವವರೆಗೆ. ನನ್ನವಳು ಸುನಂದ, ತುಮಕೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ಶಾಲೆಯ ಹುಡುಗಿಯರನ್ನು ಶೂಟಿಂಗ್ ಕಲಿಯಲು ಕರೆದುಕೊಂಡು ಹೋದವಳು 'ನಾನೂ ಒಂದ್ಸಲ ನೋಡ್ತೀನಿ' ಎಂದು ಏರ್ ಪಿಸ್ತೂಲು ಎತ್ತಿದಳು, ಇನ್ನೂ ಇಳಿಸಿಲ್ಲ. ಈ ಸಲ ರಾಜ್ಯ ಮಟ್ಟದ ಸ್ಪರ್ಧೆಗೇ ಹೆಸರು ಕೊಟ್ಟಳು. ಗುಬ್ಬಿಯಲ್ಲಿರುವ ಅವಳ ತಮ್ಮ ಆಗಿನಿಂದ ವಾರಕ್ಕೊಮ್ಮೆ ಫೋನ್ ಮಾಡಿ 'ಭಾವ, ಹುಷಾರಾಗಿದೀರಾ?' ಎಂದು ಬಹಳ ಕಾಳಜಿಯಿಂದ ವಿಚಾರಿಸುತ್ತಾನೆ.

ಸ್ಪರ್ಧೆಗೆ ಮುಂಚೆ ಒಂದು ಪರೀಕ್ಷೆಯುಂಟು. ಖಾಲಿ ಪಿಸ್ತೂಲಿನ ನಳಿಗೆ ಮೇಲೆ ಮಾಡಿ, ಟ್ರಿಗರ್‌ಗೆ ಅರ್ಧ ಕೆಜಿ ತೂಕ ನೇತುಹಾಕಿ ಎತ್ತುತ್ತಾರೆ. ತೂಕ ಮೇಲೆದ್ದರೆ ಸರಿ. ಅಷ್ಟರಲ್ಲೇ 'ಟಿಕ್' ಎಂದರೆ ಆ ಪಿಸ್ತೂಲಿಗೆ ಒಳಗೆ ಪ್ರವೇಶವಿಲ್ಲ. ಹಾಗೆಂದು ತೀರಾ ಬಿಗಿ ಮಾಡಿಟ್ಟರೆ ಎಳೆಯುವಾಗ ಕೈ ಅಲುಗಿ ಗುರಿ ಹಾಳು. ಮನೆಯಲ್ಲೇ ನೋಡಿಕೊಳ್ಳಲು ಒಂದು ತೂಕದ ಬಟ್ಟು ತರಿಸೋಣ ಎಂದಳು. ನಾನು ಬಿಡಬೇಕಲ್ಲ! "ಅರ್ಧ ಕೆಜಿ ಎಲ್ಲಿದ್ರೂ ಅರ್ಧ ಕೆಜೀನೇ ಕಣೇ" ಎಂದು ಬೀದಿಕೊನೆಯ ಅಂಗಡಿಯಿಂದ ಹುರುಳಿಕಾಳು ತಂದೆ. ಗುಬ್ಬಿ ಹತ್ತಿರದ ಕಡಬದಿಂದ ಬಂದು ನಮ್ಮ ಜೊತೆಗಿರುವ ನನ್ನ ಅವ್ವ ಅದನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಕುಣಿಕೆಯನ್ನೂ ಹಾಕಿಕೊಟ್ಟಳು.

ಚೀಲ ನೇತುಹಾಕಿ ಎತ್ತಿದೆ. ಟಿಕ್. ಟ್ರಿಗರ್‌ನ ಸ್ಕ್ರೂವನ್ನು ಅಲೆನ್ ಕೀಯಿಂದ ಸ್ವಲ್ಪ ಬಿಗಿ ಮಾಡಿದೆ. ಟಿಕ್. ಇನ್ನಷ್ಟು ಬಿಗಿ ಮಾಡಿದೆ. ಕೊನೆಗೂ ಚೀಲ ಮೇಲೆದ್ದಾಗ ದೊಡ್ಡ ಇಂಜಿನಿಯರನಂತೆ ಕೈ ಕೊಡವಿಕೊಂಡೆ.

ಆಮೇಲೆ ಸುನಂದಳ ಗುರಿ ಕೆಡುತ್ತಾ ಬಂತು. ಗುಂಡುಗಳು ನಡುವೊಂದನ್ನು ಬಿಟ್ಟು ಎಲ್ಲೆಡೆ ಬೀಳತೊಡಗಿದವು. ಒಂದು ಸಂಜೆ ಕಾಫಿ ಲೋಟ ಹಿಡಿದು ಕೂತಿದ್ದಳು. "ನನ್ ಕೈಯೇ ಸೋತಿದೆ ರೀ. ವಯಸ್ಸಾಯ್ತು. ಹೆಸರು ವಾಪಸ್ ತಗೊಂಬಿಡ್ತೀನಿ" ಎಂದಳು. ಮಕ್ಕಳ ಪರೀಕ್ಷೆ, ಅವ್ವನ ಬಿಪಿ, ನನ್ನ ಗೊಣಗಾಟ ಇಷ್ಟರ ನಡುವೆ ಅವಳು ತನಗೆಂದು ಆಸೆಪಟ್ಟದ್ದು ಇದೊಂದನ್ನೇ. ಅದು ನನಗೂ ಗೊತ್ತು. ಆದರೂ ಬಾಯಿ ಕೇಳಬೇಕೇ? "ಪಿಸ್ತೂಲಿನದೇನೂ ತಪ್ಪಿಲ್ಲ, ಬೇಕಾದ್ರೆ ತೂಕ ಹಾಕಿಸ್ಕೊಂಡು ಬರ್ತೀನಿ" ಎಂದು ಚೀಲ ಹಿಡಿದು ಅಂಗಡಿಗೆ ಹೋದೆ. ತಕ್ಕಡಿ ಅರ್ಧ ಕೆಜಿಯನ್ನು ಧಾರಾಳವಾಗಿ ದಾಟಿತು. "ಸಾರ್, ನಾವು ಹಂಗೆಲ್ಲ ಜಾಸ್ತಿ ಕೊಡೋರಲ್ಲ" ಎಂದು ಅಂಗಡಿಯವನು ಮುಖ ಗಂಟಿಕ್ಕಿದ.

ಅವ್ವನನ್ನು ಕೇಳಿದೆ.

"ಹೂಂ ಕಣ್ಲಾ, ಒಂದು ಹಿಡಿ ಕೊಸರು ಹಾಕ್ದೆ. ಸೊಸೆ ಕೆಲ್ಸಕ್ಕೆ ಅಳತೆಗಷ್ಟೇ ಹಾಕಿ ಕೈ ಒದರಾಕಾಯ್ತದಾ?"

ಅಳೆದುಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕದೆ ಅವ್ವ ಯಾರಿಗೂ ಏನನ್ನೂ ಕೊಟ್ಟವಳಲ್ಲ. ನಾನು ರೇಗಲು ಬಾಯಿ ತೆರೆಯುವಷ್ಟರಲ್ಲಿ ಸುನಂದ ಬಿದ್ದು ಬಿದ್ದು ನಗುತ್ತಿದ್ದಳು, ಕಣ್ಣಲ್ಲಿ ನೀರು. "ಹಂಗಾದ್ರೆ ನನ್ ಕೈ ಸರಿಯಾಗೇ ಇದೆ ಅತ್ತೆ!" ಎಂದು ಅವ್ವನನ್ನು ತಬ್ಬಿಕೊಂಡಳು.

ಕಾಳು ತೆಗೆದು, ತೂಕ ಸರಿಮಾಡಿ, ಸ್ಕ್ರೂ ಸಡಿಲಿಸಿದೆ. ಮರುದಿನ ಅಭ್ಯಾಸ ಮುಗಿಸಿ ಬಂದವಳು ನನ್ನನ್ನು ದುರುಗುಟ್ಟಿ ನೋಡಿದಳು. "ಇನ್ನೂ ಬಿಗಿ ಇದೆ. ನಿಜ ಹೇಳಿ, ಏನ್ ಮಾಡಿದ್ರಿ?"

"ಏನಿಲ್ಲ... ಎಲ್ಲ ಸರಿಮಾಡಾದ ಮೇಲೆ, ಇರ್ಲಿ ಅಂತ, ಅರ್ಧ ಸುತ್ತು..."

"ನನ್ ಮಗ ಅಲ್ವಾ!" ಎಂದಳು ಅವ್ವ ಹೆಮ್ಮೆಯಿಂದ.

ಸುನಂದ ನನ್ನ ಕೈಯಿಂದ ಅಲೆನ್ ಕೀ ತೆಗೆದುಕೊಂಡು ತಾನೇ ಸರಿಮಾಡಿದಳು. ಸ್ಪರ್ಧೆಯ ದಿನ ಪರೀಕ್ಷಕರು ತೂಕ ನೇತುಹಾಕಿ ಎತ್ತುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಟಿಕ್ ಕೇಳಿಸಲಿಲ್ಲ. ಅವಳು ತಿರುಗಿ ನೋಡದೆ ಒಳಗೆ ನಡೆದಳು. ಪದಕ ಬರಲಿಲ್ಲ, ಆದರೆ ಅವಳು ಈವರೆಗೆ ಹೊಡೆದದ್ದರಲ್ಲೆಲ್ಲ ಚೆಂದದ ಗುರಿ ಅವತ್ತಿನದೇ. ಹೊರಗೆ ಬಂದವಳ ಮುಖ ನೋಡಿ ನನಗೆ ಅಳುವೇ ಬಂದುಬಿಟ್ಟಿತು.

ಈಗ ಆ ಅಲೆನ್ ಕೀ ಎಲ್ಲಿದೆ ಎಂಬುದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರಿಗೇ ಗೊತ್ತು. ನಾನು ಕೇಳಿದರೆ ಅವ್ವ, "ನಿಂಗ್ಯಾಕ್ಲಾ ಅದು? ಬುಡು, ಹೋಗಿ ಕಾಫಿ ಮಾಡ್ಕೊಂಡು ಬಾ, ಅವ್ಳು ಸುಸ್ತಾಗಿ ಬಂದವ್ಳೆ" ಎನ್ನುತ್ತಾಳೆ. ನಾನು ಹೋಗಿ ಮಾಡುತ್ತೇನೆ. ಸಕ್ಕರೆ ಮಾತ್ರ ಸುನಂದ ಹೇಳಿದ್ದಕ್ಕಿಂತ ಒಂದು ಚಿಟಿಕೆ ಜಾಸ್ತಿಯೇ ಬಿದ್ದಿರುತ್ತದೆ.