ಹಲ್ಲಿನ ಡಾಕ್ಟರು ಕೊಟ್ಟ ನಾಟಕ

"ಒಂದು ನಾಟಕ ಇದೆ ಸರ್. ಓದಿ ಅಭಿಪ್ರಾಯ ಹೇಳ್ತೀರಾ?" ಎಂದು ಹಲ್ಲಿನ ಡಾಕ್ಟರು ಕೇಳಿದಾಗ ಕಾದಂಬರಿಕಾರ ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿದ್ದ. "ಆಗಲ್ಲ" ಎನ್ನಲು ಹೋದ. ಬಾಯಿ ತುಂಬ ಹತ್ತಿ ತುರುಕಿದ್ದರಿಂದ "ಆ" ಮಾತ್ರ ಹೊರಬಂತು. ಡಾಕ್ಟರು ಥ್ಯಾಂಕ್ಸ್ ಹೇಳಿ ನಾಟಕವನ್ನು ಅವನ ಚೀಲಕ್ಕೆ ಸೇರಿಸಿಬಿಟ್ಟರು.

ಮರುದಿನ ಬೆಳಿಗ್ಗೆ ಓದಲು ಕೂತವನಿಗೆ ಮೂರನೇ ಪುಟಕ್ಕೇ ಮೈ ಉರಿಯಿತು. ನಾಟಕದಲ್ಲೊಬ್ಬ ಲೇಖಕ. ಹೆಂಡತಿಯ ಮೇಲೆ ರೇಗುವುದು ಬಿಟ್ಟರೆ ಅವನಿಗೆ ಬೇರೆ ಕಸುಬೇ ಇಲ್ಲ.

"ಲೇ, ನನ್ನ ಕೆಂಪು ಪೆನ್ನು ಎಲ್ಲಿ?" ಎಂದು ಕಾದಂಬರಿಕಾರ ಕೂಗಿದ.

"ನಿಮ್ಮ ಜೇಬಲ್ಲೇ ಇದೆ ನೋಡಿ," ಎಂದಳು ಹೆಂಡತಿ ಅಡುಗೆಮನೆಯಿಂದ.

"ಜೇಬಲ್ಲಿ ಇಟ್ಟೋರು ಯಾರು ಅಂತ ನಾನು ಕೇಳಿದ್ದು."

ಆ ಪೆನ್ನಿನಿಂದಲೇ, ನಾಟಕದ ಲೇಖಕ ಕಾರಣವಿಲ್ಲದೆ ಹೆಂಡತಿಗೆ ಬೈಯುವ ಇಡೀ ದೃಶ್ಯವನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಅಸಹಜ' ಎಂದು ಬರೆದ.

ಹೆಂಡತಿ ಚಹಾ ತಂದಿಟ್ಟು ಕೆಂಪು ಗೆರೆಗಳನ್ನು ನೋಡಿದಳು. "ಅಷ್ಟು ಕೆಟ್ಟದಾಗಿದೆಯಾ?"

"ಇದೆಲ್ಲ ನಿನಗೆ ತಿಳಿಯಲ್ಲ. ಹೋಗು."

ಅವಳು ಹೋದಳು. ಪಾತ್ರೆಗಳ ಸದ್ದು ಎಂದಿಗಿಂತ ಸ್ವಲ್ಪ ಜೋರಾಗಿಯೇ ಕೇಳಿಸಿತು.

ಹನ್ನೊಂದು ಗಂಟೆಗೆ ಕಾದಂಬರಿಕಾರ ಕುದಿಯುವ ಹಂಡೆಯಂತೆ ಬುಸುಗುಡುತ್ತ ಕ್ಲಿನಿಕ್ಕಿಗೆ ನುಗ್ಗಿದ. ಕೆನ್ನೆ ಊದಿಸಿಕೊಂಡ ಮೂವರು ಅಲ್ಲಿ ಸರದಿ ಕಾಯುತ್ತಿದ್ದರು.

"ಡಾಕ್ಟ್ರೇ, ನಾನು ಯಾವತ್ತಾದ್ರೂ ಇಲ್ಲಿಗೆ ಬಂದು ಯಾರದ್ದಾದ್ರೂ ಹಲ್ಲು ಕಿತ್ತಿದೀನಾ? ನೀವ್ಯಾಕೆ ನನ್ನ ಕೆಲಸಕ್ಕೆ ಕೈ ಹಾಕ್ತೀರಿ?"

"ಸರ್, ಒಂದ್ನಿಮಿಷ. ಆ ನಾಟಕ..."

"ಮಧ್ಯೆ ಮಾತಾಡ್ಬೇಡಿ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೋನು ನಾನು. ಇಂಥ ಗಂಡ ಭೂಮಿ ಮೇಲೇ ಇಲ್ಲ."

"ನಮ್ಮನೇಲಿ ಒಬ್ರು ಇದಾರೆ," ಎಂದಳು ಊದಿದ ಕೆನ್ನೆಯ ಹೆಂಗಸೊಬ್ಬಳು.

"ನೀವು ಸುಮ್ನಿರಿ ಅಮ್ಮಾ," ಎಂದು ಗದರಿ, ಅವನು ಪುಟಗಳನ್ನು ಮೇಜಿಗೆ ಬಡಿದ. "ಇನ್ನು ಆ ಹೆಂಡತಿ. ಇಷ್ಟೆಲ್ಲ ಅನ್ನಿಸ್ಕೊಂಡು ಯಾಕೆ ಅಲ್ಲೇ ಬಿದ್ದಿದಾಳೆ? ಮರ್ಯಾದೆ ಇದ್ರೆ ಕೊನೇ ಅಂಕದಲ್ಲಿ ಪೆಟ್ಟಿಗೆ ಕಟ್ಕೊಂಡು ಹೊರಡ್ಬೇಕು. ಆಗ ಅದು ನಾಟಕ ಆಗುತ್ತೆ."

"ಅವರಿಗೆ ಹೇಳ್ತೀನಿ ಸರ್," ಎಂದರು ಡಾಕ್ಟರು ತಣ್ಣಗೆ.

ಅವರು ಎಂದರೆ ಯಾರು ಎಂದು ಕೇಳುವಷ್ಟು ತಾಳ್ಮೆ ಕಾದಂಬರಿಕಾರನಿಗೆ ಇರಲಿಲ್ಲ. ಯುದ್ಧ ಗೆದ್ದವನಂತೆ ಬೀದಿಗಿಳಿದ. ದಾರಿಯಲ್ಲಿ ಸಿಕ್ಕ ಇಬ್ಬರು ಗೆಳೆಯರಿಗೆ ಈ ಸಾಹಸವನ್ನು ವಿವರಿಸಿಯೇ ಮನೆ ಸೇರಿದ.

ಹಜಾರದ ಮಧ್ಯೆ ದೊಡ್ಡ ಸೂಟ್‌ಕೇಸು ನಿಂತಿತ್ತು. ಹೆಂಡತಿ ಅದರ ಪಕ್ಕ ಕೈಕಟ್ಟಿ ಕೂತಿದ್ದಳು.

"ಡಾಕ್ಟ್ರು ಫೋನ್ ಮಾಡಿದ್ರು," ಎಂದಳು. "ನನ್ನ ಹೆಸರು ನೋಡಿದ್ರೆ ನೀವು ಓದಲ್ಲ ಅಂತ ಅವರ ಕೈಲಿ ಕೊಡಿಸಿದ್ದೆ."

ಕಾದಂಬರಿಕಾರನ ಮುಖ ಸುಣ್ಣದಂತಾಯಿತು. "ಅದು... ನೀನು ಬರೆದಿದ್ದಾ?"

"ಹೂಂ. ಕೊನೇ ಅಂಕ ಒಂದೇ ಸರಿಯಾಗಿ ಕೂರ್ತಿರಲಿಲ್ಲ. ನಿಮ್ಮ ಸಲಹೆ ಬಹಳ ಉಪಯೋಗಕ್ಕೆ ಬಂತು."

"ಅಯ್ಯೋ, ನೀನು ಹೋಗ್ಬೇಡ ಕಣೇ. ಏನೋ ಸಿಟ್ಟಲ್ಲಿ ಅಂದುಬಿಟ್ಟೆ."

"ನಾನ್ಯಾಕೆ ಹೋಗ್ಲಿ? ಇದು ನಮ್ಮಪ್ಪ ನನಗೆ ಕೊಟ್ಟ ಮನೆ." ಅವಳು ಸೂಟ್‌ಕೇಸನ್ನು ಅವನ ಕಡೆ ತಳ್ಳಿದಳು. "ಒಂದೇ ಒಂದು ತಿದ್ದುಪಡಿ ಮಾಡಿದೀನಿ. ಹೊರಡೋದು ಗಂಡ."

"ಎಲ್ಲಿಗೆ ಹೋಗ್ತಾನೆ ಅವನು?"

"ಅದನ್ನ ಬರೆದಿಲ್ಲ," ಎಂದಳು ಅವಳು. "ಎಲ್ಲಾನೂ ಬಿಡಿಸಿ ಹೇಳ್ಬಾರದು ಅಂತ ಊರಿಗೆಲ್ಲ ಭಾಷಣ ಮಾಡೋರು ನೀವೇ ಅಲ್ವಾ?"