ಬಿಪಿ ಇರುವ ಮನೆಯ ಸಾರು

ವಯಸ್ಸಾದ ಹೆಂಗಸರನ್ನು ಏನು ಬೇಕಾದರೂ ಕೇಳಿ, ಬಿಪಿ ಇದೆಯೇ ಎಂದು ಮಾತ್ರ ಕೇಳಬೇಡಿ. ಇದ್ದವರು ಇಲ್ಲ ಅನ್ನುತ್ತಾರೆ, ಇಲ್ಲದವರು ಇದೆ ಅನ್ನುತ್ತಾರೆ. ಇಬ್ಬರೂ ಮನಃಪೂರ್ವಕವಾಗಿ ಹೇಳುತ್ತಾರೆ. ಚನ್ನಪಟ್ಟಣದ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವ ನಾನು ಇದನ್ನು ಪುಸ್ತಕದಿಂದ ಕಲಿಯಲಿಲ್ಲ, ಊಟದ ತಟ್ಟೆಯಿಂದ ಕಲಿತೆ.

ನಮ್ಮಮ್ಮನಿಗೆ ಬಿಪಿ ಬಂದದ್ದು ವಿರೂಪಾಕ್ಷಿಪುರದಲ್ಲಿ. ತನ್ನ ತಂಗಿಯ ಮನೆಯಿಂದ ವಾಪಸ್ಸು ಬರುವಾಗ ಹೊರಟ ಬಸ್ಸಿನ ಹಿಂದೆ ಓಡಿ, ಅದು ಸಿಗದೆ, ಡ್ರೈವರನ್ನು ಬಾಯಿಗೆ ಬಂದಂತೆ ಬಯ್ದು, ಎದುರಿಗಿದ್ದ ಕ್ಲಿನಿಕ್ಕಿನ ನೆರಳಲ್ಲಿ ಕೂತಳಂತೆ. ಕೆಲಸವಿಲ್ಲದೆ ಕೂತಿದ್ದ ಕಾಂಪೌಂಡರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಒಸಿ ಜಾಸ್ತಿ ಐತೆ ಅಂದನಂತೆ. ಆ ಒಸಿಯನ್ನು ಅಮ್ಮ ಮನೆಗೆ ತಂದು ಸಾಕಿ ದೊಡ್ಡದು ಮಾಡಿದಳು. ಮಾತ್ರೆ ಮುಟ್ಟಲಿಲ್ಲ.

"ಎದುರು ಮಾತಾಡ್ಬ್ಯಾಡಿ, ಸಾರಿಗೆ ಉಪ್ಪು ಕಮ್ಮಿ ಹಾಕಿ. ನಂಗೆ ಅಷ್ಟೇ ಔಸ್ತಿ" ಅಂದಳು.

ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಸಾರು ಮಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹೀಗಾಗಿ ಬಿಪಿ ಒಬ್ಬಳದು, ಸಪ್ಪೆ ಎಲ್ಲರದು. ಬಿಸಿ ಮುದ್ದೆಯ ಪಕ್ಕ ಉಪ್ಪಿಲ್ಲದ ಬಸ್ಸಾರು ಬಂದು ಕೂತಾಗ ನನಗೆ ನಿಜಕ್ಕೂ ಅಳು ಬರುತ್ತಿತ್ತು. ಟಿವಿ ರಿಮೋಟು ಸಹ ಅವಳ ವಶವಾಯಿತು. ಕೇಳಿದರೆ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು.

ಪಕ್ಕದ ಮನೆಯ ಜುಲೇಖಮ್ಮ ಅಮ್ಮನ ಜೀವದ ಗೆಳತಿ, ಬೊಂಬೆ ಮಾಡುವ ಮನೆಯವರು. ಅವರ ಲೆಕ್ಕವೇ ಬೇರೆ. ಆಸ್ಪತ್ರೆಯಲ್ಲಿ ಬಿಪಿಗೆಂದು ಮಾತ್ರೆ ಕೊಟ್ಟಿದ್ದರು. ಕೊಟ್ಟಷ್ಟೂ ನುಂಗಿದ ಮೇಲೆ, ಮಾತ್ರೆ ಖತಂ ಆದಮೇಲೆ ಬಿಪಿಯೂ ಖತಂ ಎಂದು ತೀರ್ಮಾನಿಸಿ ನಿಂಬೆಕಾಯಿ ಉಪ್ಪಿನಕಾಯಿಗೆ ಕೈ ಹಾಕಿದರು. ಅವರ ಮಗನನ್ನು ಮಾತಾಡಿಸುವ ನೆಪದಲ್ಲಿ ನಾನೂ ಸಂಜೆ ಹೋಗಿ ಒಂದೆರಡು ಹೋಳು ಚಪ್ಪರಿಸಿ ಬರುತ್ತಿದ್ದೆ.

ಹೀಗಿರುವಾಗ ಆರೋಗ್ಯ ಕೇಂದ್ರದ ನರ್ಸಮ್ಮ ಮನೆಮನೆಯ ಬಿಪಿ ನೋಡುತ್ತಾ ನಮ್ಮಲ್ಲಿಗೂ ಬಂದರು, ಜುಲೇಖಮ್ಮನೂ ಅಲ್ಲೇ ಇದ್ದರು. ಮೊದಲು ಬಾಯಲ್ಲಿ ಕೇಳಿದರು. ಅಮ್ಮ ಹೆಮ್ಮೆಯಿಂದ ಇದೆ ಅಂದಳು, ಜುಲೇಖಮ್ಮ ಅಷ್ಟೇ ಹೆಮ್ಮೆಯಿಂದ ಇಲ್ಲ ಅಂದರು. ಆಮೇಲೆ ಯಂತ್ರ ಇಟ್ಟು ನೋಡಿದರೆ ಪೂರಾ ಉಲ್ಟಾ. ಅಮ್ಮನದು ಹದಿನೆಂಟರ ಹುಡುಗಿಯ ಹಾಗಿದೆ ಎಂದು ನರ್ಸಮ್ಮ ಹೊಗಳಿದಾಗ ಅಮ್ಮನ ಮುಖ ಸಣ್ಣಗಾಯಿತು. ನನಗೋ ಸ್ವರ್ಗಕ್ಕೆ ಮೂರೇ ಗೇಣು. ಉಪ್ಪಿನ ಡಬ್ಬಿ ತರಲು ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿದೆ.

ಅಷ್ಟರಲ್ಲಿ ಅಮ್ಮ ಸುಧಾರಿಸಿಕೊಂಡಳು. "ಸಪ್ಪೆ ಉಂಡಿದ್ಕೇ ಕಣವ್ವ ಸರಿಯಾಗಿರಾದು. ಈಗ ಬುಟ್ಬುಟ್ರೆ ಮತ್ತೆ ಬತ್ತದೆ."

ಇಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟ ನಾನೇ ಉಪ್ಪಿನ ಡಬ್ಬಿಯನ್ನು ವಾಪಸ್ಸು ಒಳಗಿಟ್ಟು ಬಂದೆ.

ಜುಲೇಖಮ್ಮನಂತೂ ಯಂತ್ರ ತಮ್ಮ ಬಿಪಿಯನ್ನೂ ಅಮ್ಮನ ಬಿಪಿಯನ್ನೂ ಅದಲುಬದಲು ಮಾಡಿದೆ ಎಂದು ವಾದಿಸಿದರು. ನರ್ಸಮ್ಮ ನಗು ನಿಲ್ಲಿಸಿ, ಹೀಗೇ ಬಿಟ್ಟರೆ ಒಂದು ದಿನ ಕೈಕಾಲು ಬಿದ್ದುಹೋದೀತು ಎಂದರು. ಜುಲೇಖಮ್ಮ ಅಮ್ಮನ ಕೈ ಹಿಡಿದುಕೊಂಡರು. ಅಮ್ಮ ನಿಜವಾಗಿ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾಳಿಂದ ನಾನೇ ಮಾತ್ರೆ ನುಂಗುಸ್ತೀನಿ. ಬಿಪಿ ವಿಸ್ಯ ನಂಗೆ ಗೊತ್ತಿಲ್ವಾ" ಅಂದಳು ಅಮ್ಮ.

ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಜುಲೇಖಮ್ಮನಿಗೆ ಮನವರಿಕೆ ಮಾಡಿಸಲು ನಾನು ನನ್ನ ತೋಳನ್ನೇ ಚಾಚಿದೆ. ಅದು ಸುಳ್ಳು ಹೇಳಿತು. ಈಗಷ್ಟೇ ಕಾಫಿ ಕುಡಿದೆ, ಬೆಳಿಗ್ಗೆ ಹೆಡ್‌ಮಾಸ್ಟರರ ಜೊತೆ ಮಾತಿಗೆ ಮಾತು ಬೆಳೆದಿತ್ತು ಎಂದೆಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು, ಇನ್ನೊಂದು ದಿನ ಕೇಂದ್ರಕ್ಕೆ ಕರೆಸಿಯೂ ನೋಡಿದರು. ಯಂತ್ರ ಹಟ ಬಿಡಲಿಲ್ಲ.

ಈಗ ದಿನಾ ಬೆಳಿಗ್ಗೆ ಅಮ್ಮ ಜುಲೇಖಮ್ಮನನ್ನೂ ನನ್ನನ್ನೂ ಜಗಲಿಯ ಮೇಲೆ ಪಕ್ಕಪಕ್ಕ ಕೂರಿಸಿ, ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡುತ್ತಾಳೆ. ಬೀದಿಯಲ್ಲಿ ಹೋಗುವವರು ಯಾರಿಗೆ ಏನಾಯಿತು ಎಂದು ಕೇಳಿದರೆ ನಾವಿಬ್ಬರೂ ಒಂದೇ ಉಸಿರಿಗೆ ಹೇಳುತ್ತೇವೆ: ನಮಗೇನೂ ಇಲ್ಲ, ಬಿಪಿ ಇರುವುದು ಅಮ್ಮನಿಗೆ.