ಮೂರು ಕೈಪಾಸಿನ ನಿಯಮ

ನಿಯಮ ಬದಲಾದ ಮೇಲೆ ನಮ್ಮ ಶುಕ್ರವಾರದ ಗೇಲಿಕ್ ಫುಟ್‌ಬಾಲ್ ಬಹಳ ಸುಧಾರಿಸಿತು ಎಂದು ಕುವೈತಿನಲ್ಲಿರುವ ನಮ್ಮವರೆಲ್ಲ ಹೇಳುತ್ತಾರೆ. ಎಲ್ಲರೂ ಒಂದೇ ಮಾತು ಹೇಳಿದರೆ ನನಗೆ ಮೊದಲು ಬರುವುದು ಅನುಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿಕೊಂಡ ಚಾಳಿ ಅದು. ರೋಲಿಂಗ್ ಶೀಲ್ಡಿಗಾಗಿ ಬೆಳಿಗ್ಗೆ ವಿಷಯದ ಪರವಾಗಿ, ಮಧ್ಯಾಹ್ನ ಅದೇ ವಿಷಯದ ವಿರುದ್ಧವಾಗಿ, ಎರಡು ಹೊತ್ತೂ ಅಷ್ಟೇ ನಂಬಿಕೆಯಿಂದ ಮಾತಾಡಿದವನು ನಾನು. ಆದರೆ ಈ ಸಲದ ಅನುಮಾನದಲ್ಲಿ ಒಂದು ತೊಡಕಿದೆ. ಆ ನಿಯಮವನ್ನು ತಂದವನು ನಾನೇ. ಅದಕ್ಕಾಗಿ ನಮ್ಮ ಸಂಘದ ಕ್ರೀಡಾಕೂಟದಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗಾಜಿನದೊಂದು ಸ್ಮರಣಿಕೆಯನ್ನೂ ಕೈಗಿತ್ತರು. ಸ್ಮರಣಿಕೆಯ ಮೇಲೆ ಕೆತ್ತಿದ್ದು ಕ್ರಿಕೆಟ್ ಬ್ಯಾಟು. ಗೇಲಿಕ್ ಫುಟ್‌ಬಾಲಿನ ಚಿತ್ರ ಹವಲ್ಲಿಯ ಅಂಗಡಿಯಲ್ಲಿ ಇರಲಿಲ್ಲವಂತೆ. ಸನ್ಮಾನಿತನೇ ಎದ್ದು ನಿಂತು ಸನ್ಮಾನದ ವಿರುದ್ಧ ವಾದಿಸುವುದನ್ನು ನಾನು ಯಾವ ಸ್ಪರ್ಧೆಯಲ್ಲೂ ಮಾಡಿಲ್ಲ. ಈಗ ಮಾಡಿ ನೋಡುತ್ತೇನೆ.

ಮೊದಲು ಆಟದ ವಿಷಯ. ಗೇಲಿಕ್ ಫುಟ್‌ಬಾಲ್ ಐರ್ಲೆಂಡಿನವರದು. ಅದನ್ನು ನಮ್ಮ ಮಂಗಫ್‌ನ ಕಟ್ಟಡಕ್ಕೆ ತಂದವನು ಎರಡು ಮಹಡಿ ಮೇಲೆ ಇರುವ ಕಾನರ್, ಒಂದು ಶಾಲೆಯ ಪಿ.ಟಿ. ಮೇಷ್ಟ್ರು. ತನ್ನ ದೇಶದವರು ಸಾಕಷ್ಟು ಸಿಗದೆ, ಅವನು ಲಿಫ್ಟಿನಲ್ಲಿ ಸಿಕ್ಕ ನಮ್ಮನ್ನೆಲ್ಲ ಹಿಡಿದ. ನಮ್ಮ ಲಿಫ್ಟು ಬಹಳ ನಿಧಾನ; ನೆಲಕ್ಕೆ ಮುಟ್ಟುವಷ್ಟರಲ್ಲಿ ಯಾರಾದರೂ ಯಾವುದಕ್ಕಾದರೂ ಒಪ್ಪಿಬಿಡುತ್ತಾರೆ. ಈ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಆದರೆ ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೋ ಪಾದಕ್ಕೋ ಮುಟ್ಟಿಸಬೇಕು. ಒದೆಯಬಹುದು, ಕೈಯಿಂದ ಗುದ್ದಿ ಪಕ್ಕದವರಿಗೆ ಕೊಡಬಹುದು; ಈ ಗುದ್ದಿ ಕೊಡುವುದೇ ಕೈಪಾಸು. ಗೋಲಿನ ಎರಡೂ ಬದಿಗೆ ಎತ್ತರದ ಕಂಬಗಳಿರುತ್ತವೆ. ಬಲೆಯೊಳಗೆ ಹೊಡೆದರೆ ಮೂರು ಪಾಯಿಂಟು, ಮೇಲಿನ ಅಡ್ಡಪಟ್ಟಿ ದಾಟಿಸಿ ಕಂಬಗಳ ನಡುವೆ ಹೊಡೆದರೆ ಒಂದು. ನಾವು ಬಾಡಿಗೆಗೆ ಹಿಡಿದ ಮೈದಾನದಲ್ಲಿ ಇದ್ದದ್ದು ಮಾಮೂಲಿ ಫುಟ್‌ಬಾಲಿನ ಗೋಲು ಮಾತ್ರ. ಹಾಗಾಗಿ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ, ನಾನು ಕೆಲಸ ಮಾಡುವ ಸ್ಪೇರ್ ಪಾರ್ಟ್ಸ್ ಕಂಪೆನಿಯ ಪಕ್ಕದ ಅಂಗಡಿಯಿಂದ ಪಿವಿಸಿ ಪೈಪು ತಂದು ಗೋಲಿಗೆ ಕಟ್ಟಿದೆವು. ಗಾಳಿ ಬಂದರೆ ಪೈಪು ಬಾಗುತ್ತದೆ. ಚೆಂಡು ಒಳಗೋ ಹೊರಗೋ ಎಂಬುದು ಆ ಗಳಿಗೆಯಲ್ಲಿ ಪೈಪು ಎಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಈ ಮಾತನ್ನು ಸ್ವಲ್ಪ ನೆನಪಿಡಿ.

ಈಗ ಸದಾನಂದಣ್ಣನ ವಿಷಯ. ಅವರು ಪಡುಬಿದ್ರಿ ಕಡೆಯವರು, ನಮ್ಮ ತಂಡದಲ್ಲಿ ಎಲ್ಲರಿಗಿಂತ ಹಿರಿಯರು, ಶುವೈಖ್‌ನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸ್ಟೋರ್ ಕೀಪರ್. ಹೊರಗೆ ಚಪ್ಪಲಿ ರಸ್ತೆಗೆ ಅಂಟುವ ಸೆಖೆ ಇರುವಾಗ ಒಳಗೆ ಅವರು ಸ್ವೆಟರಿನ ಮೇಲೆ ಜಾಕೆಟು, ಜಾಕೆಟಿನ ಮೇಲೆ ಮಫ್ಲರು ಹಾಕಿಕೊಂಡು, ಗಟ್ಟಿಯಾದ ಕೋಳಿಗಳ ಮಧ್ಯೆ ಓಡಾಡುತ್ತಾರೆ. ಅಲ್ಲಿ ಅವರ ಮಾತಿಗೆ ಜನ ಇಲ್ಲ. ಈಜಿಪ್ಟಿನ ಮ್ಯಾನೇಜರು ‘ಯಲ್ಲಾ’ ಅಂದರೆ ಕೆಲಸ ಶುರು, ‘ಖಲಾಸ್’ ಅಂದರೆ ಮುಗಿಯಿತು; ನಡುವೆ ಬೇರೆ ಮಾತು ಬೇಕಾಗುವುದಿಲ್ಲ. ಮನೆಗೆ ದಿನಾ ಫೋನು ಮಾಡುತ್ತಾರೆ, ನಿಜ. ಆದರೆ ಫೋನಿನಲ್ಲಿ ಅವರು ಬರೀ ಕೇಳುವವರು. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳದಿದ್ದರೆ ಅವರಿಗೆ ಉಂಡದ್ದು ಜೀರ್ಣವಾಗುವುದಿಲ್ಲ. ಹೀಗೆ ವಾರವಿಡೀ ಕೋಳಿಯ ಜೊತೆ ಗಟ್ಟಿಯಾದ ಮಾತೆಲ್ಲ ಶುಕ್ರವಾರ ಸಂಜೆ ಮೈದಾನದಲ್ಲಿ ಕರಗುತ್ತಿತ್ತು.

ಕರಗುತ್ತಿದ್ದದ್ದು ಕೈಪಾಸಿನಲ್ಲಿ. ಕೈಪಾಸು ಕೊಡಬೇಕಾದರೆ ಪಕ್ಕದವರು ಪಕ್ಕದಲ್ಲೇ ಇರಬೇಕಲ್ಲ. ಸದಾನಂದಣ್ಣ, ನಾನು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಲವೀನಾ, ಈ ಮೂವರದು ಒಂದು ತ್ರಿಕೋನ. ಅವರು ಚೆಂಡು ಗುದ್ದಿ, ‘ಭಾವನ ಹೊಸ ಮನೆಗೆ ಮೆಟ್ಟಿಲಾಯ್ತಂತೆ’ ಎನ್ನುವರು. ಚೆಂಡು ನನ್ನಿಂದ ಲವೀನಾಗೆ, ಲವೀನಾಳಿಂದ ತಿರುಗಿ ಅವರಿಗೆ. ‘ಹತ್ತಿ ಹೋದರೆ ಮೇಲೆ ಗೋಡೆ ಮಾರಾಯ, ಬಾಗಿಲು ಇಡ್ಲಿಕ್ಕೇ ಮರೆತಿದ್ದಾರೆ.’ ಮತ್ತೊಂದು ಸುತ್ತು. ಮೇಸ್ತ್ರಿ ಹೇಳುವುದು, ಬಾಗಿಲು ಬೇಕೂಂತ ಯಾರೂ ಹೇಳಲಿಲ್ಲ ಅಂತ. ಭಾವ ಹೇಳುವುದು, ಮೆಟ್ಟಿಲು ಅಂದ ಮೇಲೆ ಬಾಗಿಲು ಇದ್ದೇ ಇರ್ತದಲ್ಲ ಅಂತ. ನಮ್ಮನ್ನು ತಡೆಯಲು ಬಂದ ಎದುರು ತಂಡದವರೂ ಕಿವಿಗೊಟ್ಟು ನಿಲ್ಲುತ್ತಿದ್ದರು. ಈ ಮಾತೆಲ್ಲ ತುಳುವಿನಲ್ಲಿ; ರೆಫರಿಯಾಗಿದ್ದ ಕಾನರ್‌ಗೆ ಅದರ ಒಂದಕ್ಷರ ಬಾರದು, ಆದರೂ ಸರಿಯಾದ ಜಾಗದಲ್ಲೇ ನಗುತ್ತಿದ್ದ. ಪಾಯಿಂಟು ಮಾತ್ರ ಯಾರಿಗೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಐರ್ಲೆಂಡಿನಲ್ಲೇ ನಿಯಮಗಳನ್ನು ಬದಲಾಯಿಸುತ್ತಿದ್ದಾರೆ ಎಂಬ ಸುದ್ದಿಯನ್ನು ಕಾನರ್ ತಂದ. ಅಲ್ಲೂ ಇದೇ ರೋಗವಂತೆ: ಎಲ್ಲರೂ ಹಿಂದೆ ಸರಿದು, ಅಕ್ಕಪಕ್ಕ ಕೈಪಾಸು ಕೊಡುತ್ತ ಹೊತ್ತು ಕಳೆಯುವುದು. ದೂರದಿಂದ ಹೊಡೆದರೆ ಎರಡು ಪಾಯಿಂಟು, ಇಷ್ಟು ಜನ ಮುಂದೆಯೇ ಇರಬೇಕು, ಹೀಗೆ ಏನೇನೋ ಮಾಡುತ್ತಿದ್ದಾರಂತೆ. ನಾವೂ ಏನಾದರೂ ಯೋಚಿಸೋಣ ಎಂದ. ಹವಲ್ಲಿಯ ಒಂದು ಹೋಟೆಲಿನಲ್ಲಿ ಗೋಳಿಬಜೆ ತರಿಸಿ ಸಭೆ ಸೇರಿದೆವು. ನಮ್ಮವರ ಸಲಹೆಗಳಲ್ಲಿ ಊರಿನ ಕ್ರೀಡಾಕೂಟದ ವಾಸನೆ ಢಾಳಾಗಿತ್ತು. ಹೊಟ್ಟೆ ಬಂದವರಿಗೆ ಎರಡು ಹೆಜ್ಜೆ ಹೆಚ್ಚು ಕೊಡಬೇಕೆಂದು ಒಬ್ಬರು ಹೇಳಿದರು. ಸಂಸಾರ ಸಮೇತ ಬಂದವರಿಗೆ ಸಮಾಧಾನಕ್ಕೊಂದು ಪಾಯಿಂಟು ಕೊಡಬೇಕೆಂದು ಇನ್ನೊಬ್ಬರು. ನಾನು ಎದ್ದು, ಸತತ ಮೂರು ಕೈಪಾಸಾದ ಮೇಲೆ ಚೆಂಡನ್ನು ಒದೆಯಲೇಬೇಕು ಎಂಬ ನಿಯಮವನ್ನು ಮಂಡಿಸಿದೆ. ಆಟವೆಂದರೆ ಚಲನೆ, ಚಲನೆಯಿಲ್ಲದ ಆಟ ನೋಡುಗನಿಗೆ ಮಾಡುವ ಅವಮಾನ, ನೋಡುಗನಿಲ್ಲದ ಆಟಕ್ಕೆ ಭವಿಷ್ಯವಿಲ್ಲ. ಒಂದರ ಬೆನ್ನಿಗೊಂದು ಹೀಗೆ ಬಂದವು ನನ್ನ ವಾದಗಳು. ಬಜೆ ಆರಿತು, ನಾನು ಆರಲಿಲ್ಲ.

ಸದಾನಂದಣ್ಣ ಒಬ್ಬರೇ ಬೇಡ ಎಂದದ್ದು. ಅದನ್ನೂ ಚಟ್ನಿಯ ಕಡೆ ನೋಡುತ್ತ ಹೇಳಿದರು.

‘ಕೈಯಲ್ಲಿ ಕೊಟ್ಟರೆ ಯಾರಿಗೆ ಕೊಟ್ಟೆ ಅಂತ ಗೊತ್ತಾಗ್ತದೆ. ಒದ್ದರೆ ಗಾಳಿ ಯಾರಿಗೆ ಕೊಡ್ತದೋ ಅವರಿಗೆ.’

ಇದು ವಾದವಲ್ಲ, ಭಾವನೆ ಎಂದೆ. ಗುರಿ ತಪ್ಪುವ ಭಯವೇ ಒದೆತವನ್ನು ಕಲೆಯಾಗಿಸುತ್ತದೆ ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಸದಾನಂದಣ್ಣನೂ ಇದ್ದರು. ಚೆನ್ನಾಗಿ ಮಾತಾಡಿದವರಿಗೆ ಚಪ್ಪಾಳೆ ತಟ್ಟಬೇಕು ಎಂದು ನಂಬಿದ ಪೀಳಿಗೆ ಅವರದು. ಚರ್ಚೆಯಲ್ಲಿ ಸೋತವರ ಮುಖ ನೋಡುವುದನ್ನು ನಮಗೆ ಯಾವ ಮೇಷ್ಟ್ರೂ ಕಲಿಸಿರಲಿಲ್ಲ. ತೀರ್ಪುಗಾರರ ಮುಖ ನೋಡಿ ಮಾತಾಡಬೇಕು ಎಂದಷ್ಟೇ ಹೇಳಿಕೊಟ್ಟಿದ್ದರು.

ನಿಯಮ ಬಂತು. ಆಟ ಸುಧಾರಿಸಿದ್ದು ಸುಳ್ಳಲ್ಲ. ಚೆಂಡು ಹಾರತೊಡಗಿತು, ಜನ ಓಡತೊಡಗಿದರು, ಕಾನರ್ ಸೀಟಿ ಊದುವುದು ಬಿಟ್ಟು ಚಪ್ಪಾಳೆ ತಟ್ಟಿದ. ನೋಡುಗರಿಗೆ ಹಬ್ಬ ಎಂದು ನಾನು ಬೀಗಿದರೆ, ಯಾವ ನೋಡುಗರು ಎಂದು ಲವೀನಾ ಕೇಳಿದಳು. ತಿರುಗಿ ನೋಡಿದೆ. ಪಾರ್ಕಿಂಗಿನಲ್ಲಿ ಯಾರದೋ ಇಬ್ಬರು ಹೆಂಡಂದಿರು ಏಸಿ ಹಾಕಿದ ಕಾರಿನಲ್ಲಿ ಕೂತಿದ್ದರು. ಇಬ್ಬರೂ ಮೊಬೈಲು ನೋಡುತ್ತಿದ್ದರು.

ಸದಾನಂದಣ್ಣನಿಗೆ ಒದೆಯಲು ಬರುವುದಿಲ್ಲ. ಹಿಂದೊಮ್ಮೆ ಸ್ಟೋರಿನಲ್ಲಿ ಕೋಳಿಯ ಪೆಟ್ಟಿಗೆ ಬಿದ್ದು ಬಲಗಾಲಿನ ಹೆಬ್ಬೆರಳು ಸೊಟ್ಟಗಾಗಿದೆ. ಅವರು ಎತ್ತ ನೋಡಿ ಒದ್ದರೂ ಚೆಂಡು ಪಕ್ಕದ ಮೈದಾನದಲ್ಲಿ ಆಡುವವರ ಮಧ್ಯಕ್ಕೇ ಹೋಗುತ್ತದೆ. ಹಾಗಾಗಿ ಅವರಿಗೆ ಚೆಂಡು ಕೊಡುವುದನ್ನು ನಾವು ಕಡಿಮೆ ಮಾಡಿದೆವು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಒದೆತದ ಆಟದಲ್ಲಿ ಎಲ್ಲರೂ ದೂರ ದೂರ ನಿಲ್ಲಬೇಕು. ಒಂದು ಶುಕ್ರವಾರ ಅವರು ಮೈದಾನದ ಆ ತುದಿಯಿಂದ ಬಾಯಿಗೆ ಕೈ ಇಟ್ಟುಕೊಂಡು, ಮೇಸ್ತ್ರಿ ಪುನಃ ಬಂದಿದ್ದಾನಂತೆ ಎಂದು ಕೂಗಿದರು. ನಾನು ಆಮೇಲೆ, ಆಮೇಲೆ ಎಂದು ಕೈ ಬೀಸಿ ಚೆಂಡಿನ ಹಿಂದೆ ಓಡಿದೆ. ಆಟ ಮುಗಿದರೆ ಮಂಗಫ್‌ನವರು ಒಂದು ವ್ಯಾನಿಗೆ, ಶುವೈಖ್‌ನವರು ಇನ್ನೊಂದಕ್ಕೆ. ‘ಆಮೇಲೆ’ ಎಂಬುದಕ್ಕೆ ನಮ್ಮ ಶುಕ್ರವಾರದಲ್ಲಿ ಜಾಗವೇ ಇರಲಿಲ್ಲ. ಗೋಡೆ ಒಡೆದರೋ ಮೆಟ್ಟಿಲು ಒಡೆದರೋ, ನಮಗೆ ಗೊತ್ತಾಗದೆಯೇ ಉಳಿಯಿತು.

ನಮ್ಮ ಸಂಘಗಳಲ್ಲಿ ಯಾರನ್ನೂ ತೆಗೆಯುವ ಪದ್ಧತಿ ಇಲ್ಲ, ಗೌರವಕ್ಕೆ ಏರಿಸುವ ಪದ್ಧತಿ ಇದೆ. ಅಧ್ಯಕ್ಷರು ಬೇಡವಾದರೆ ಗೌರವಾಧ್ಯಕ್ಷರಾಗುತ್ತಾರೆ, ಖಜಾಂಚಿ ಬೇಡವಾದರೆ ಗೌರವ ಸಲಹೆಗಾರರು. ಸದಾನಂದಣ್ಣನನ್ನು ಗೋಲಿನ ಗೌರವ ಅಂಪೈರ್ ಮಾಡಿದರು. ಈ ಆಟದಲ್ಲಿ ಗೋಲಿನ ಬಳಿಯ ಅಂಪೈರು ಬಿಳಿ ಕೋಟು ಹಾಕಿ, ಚೆಂಡು ಕಂಬಗಳ ನಡುವೆ ಹೋದರೆ ಬಿಳಿ ಬಾವುಟ ಎತ್ತಬೇಕು, ಹೊರಗೆ ಹೋದರೆ ಎರಡು ಕೈ ಅಗಲಿಸಬೇಕು. ಲವೀನಾ ತನ್ನ ಹಳೆಯ ಲ್ಯಾಬ್ ಕೋಟು ಕೊಟ್ಟಳು. ತೋಳು ಮೊಣಕೈ ದಾಟುತ್ತಿರಲಿಲ್ಲ, ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಗಿತ್ತು. ಆದರೂ ಅವರು ಪ್ರತಿ ವಾರ ಅದನ್ನು ಇಸ್ತ್ರಿ ಮಾಡಿಸಿ ತರುತ್ತಿದ್ದರು. ಗೋಲಿನ ಪಕ್ಕ, ಬಾಗುವ ಪೈಪಿನ ಕೆಳಗೆ, ಒಬ್ಬರೇ ನಿಂತಿರುತ್ತಿದ್ದರು. ಕೋಲ್ಡ್ ಸ್ಟೋರೇಜಿನಲ್ಲಾದರೂ ಫೋರ್ಕ್‌ಲಿಫ್ಟಿನವನು ಆಗಾಗ ಹಾರ್ನು ಹೊಡೆಯುತ್ತಾನೆ.

ಇದನ್ನು ನೋಡಲಾಗದೆ, ನಿಯಮವನ್ನು ಹಿಂದಕ್ಕೆ ತೆಗೆದುಕೊಳ್ಳೋಣ ಎಂದು ನಾನೇ ಸಭೆ ಕರೆಸಿದೆ. ಅದೇ ಹೋಟೆಲು, ಅದೇ ಬಜೆ. ಚಲನೆಯೊಂದೇ ಆಟವಲ್ಲ ಎಂದು ಶುರುಮಾಡಿದೆ. ತಂಡದವರು ನನ್ನ ಹಳೆಯ ವಾದಗಳನ್ನೇ ಒಂದೊಂದಾಗಿ ನನ್ನ ಮುಂದೆ ಇಟ್ಟರು. ಗುರಿ ತಪ್ಪುವ ಭಯ ಎಂಬುದನ್ನಂತೂ ಒಬ್ಬರು ಹಾವಭಾವ ಸಮೇತ ಒಪ್ಪಿಸಿದರು. ಎಷ್ಟು ಹುಡುಕಿದರೂ ಅವುಗಳಲ್ಲಿ ಬಿರುಕು ಸಿಗಲಿಲ್ಲ. ಅಷ್ಟು ಗಟ್ಟಿಯಾಗಿ ಕಟ್ಟಿದ್ದೆ. ಮೇಲಿಂದ ಸಂಘದ ಕಾರ್ಯದರ್ಶಿಗಳು, ಸನ್ಮಾನ ಆಗಿಹೋದ ಮೇಲೆ ನಿಯಮ ತೆಗೆಯುವುದು ಹೇಗೆ, ಶಾಲು ವಾಪಸ್ ಕೇಳಿದ ಹಾಗಾಗುವುದಿಲ್ಲವೇ ಎಂದರು. ನಾನು ನನಗೇ ಸೋತು ಮನೆಗೆ ಬಂದೆ. ಅಂಥ ಬಲವಾದ ಎದುರಾಳಿ ನನಗೆ ಹಿಂದೆ ಸಿಕ್ಕಿರಲಿಲ್ಲ ಎಂದು ಹೇಳಿಕೊಳ್ಳಬಹುದು, ಸಮಾಧಾನವೇನೂ ಆಗಲಿಲ್ಲ.

ಆಮೇಲೆ ಒಂದು ವಿಚಿತ್ರ ನಡೆಯತೊಡಗಿತು. ಸದಾನಂದಣ್ಣನ ತೀರ್ಪುಗಳು ಕೆಡತೊಡಗಿದವು. ಬೇರೆಯವರು ಹೊಡೆದದ್ದೆಲ್ಲ ಸರಿಯಾಗಿಯೇ ಕಾಣುತ್ತಿತ್ತು ಅವರಿಗೆ. ಲವೀನಾ ಹೊಡೆದದ್ದು, ನಾನು ಹೊಡೆದದ್ದು ಪೈಪಿನ ಹತ್ತಿರ ಹೋಯಿತೆಂದರೆ ಸಾಕು, ಎರಡು ಕೈ ಅಗಲಿಸಿಬಿಡುವರು. ಲವೀನಾ ಹೋಗಿ ವಾದ ಮಾಡಿ, ನಗುತ್ತ ವಾಪಸು ಬರುವಳು. ಏನಾಯ್ತು ಎಂದರೆ, ಅಂಪೈರ್ ಹೇಳಿದ ಮೇಲೆ ಮುಗಿಯಿತು ಎನ್ನುವಳು. ನಾನು ಮಾತ್ರ ದೂರದಿಂದಲೇ ತಲೆ ಕೊಡವಿ ಓಡುತ್ತಿದ್ದೆ. ಅಂಪೈರ್ ತೀರ್ಪೇ ಅಂತಿಮ ಎಂಬುದೂ ನಿಯಮವಲ್ಲವೇ? ನಾನು ನಿಯಮದ ಮನುಷ್ಯ.

ಕಳೆದ ಶುಕ್ರವಾರ ದೂರದಿಂದ ಒಂದು ಹೊಡೆದೆ. ಜನ್ಮದಲ್ಲಿ ಅಷ್ಟು ನೆಟ್ಟಗೆ ನಾನು ಯಾವುದನ್ನೂ ಹೊಡೆದಿಲ್ಲ. ಚೆಂಡು ಎರಡು ಪೈಪಿನ ನಟ್ಟನಡುವೆ ಹೋಯಿತು. ಗಾಳಿಯೂ ಇರಲಿಲ್ಲ. ಸದಾನಂದಣ್ಣ ಅದನ್ನು ಕೊನೆಯವರೆಗೂ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು, ಆಮೇಲೆ ನಿಧಾನವಾಗಿ ಎರಡು ಕೈ ಅಗಲಿಸಿದರು. ಕೋಟಿನ ಒಂದು ಗುಂಡಿ ಕಿತ್ತುಹೋಯಿತು. ತಡೆಯಲಾಗಲಿಲ್ಲ ನನಗೆ. ಓಡಿ ಹೋಗಿ ಎದುರು ನಿಂತೆ. ಕೋನ, ಎತ್ತರ, ಗಾಳಿ ಎಲ್ಲವನ್ನೂ ಸೇರಿಸಿ ವಾದ ಶುರುಮಾಡಿದೆ. ಅವರು ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು, ಗುಂಡಿ ಹೆಕ್ಕಿ ಜೇಬಿಗೆ ಹಾಕಿಕೊಂಡು ಎಲ್ಲವನ್ನೂ ಕೇಳಿದರು. ಉಸಿರೆಳೆಯಲು ನಾನು ನಿಂತಾಗ ಬಾಯಿಬಿಟ್ಟರು.

‘ಹೊರಗೆ. ಅದಿರಲಿ, ಭಾವನ ಮೆಟ್ಟಿಲಿನದ್ದು ನಿನಗೆ ಹೇಳಿದ್ದೇನಾ?’

ಇಲ್ಲ ಎಂದೆ.

‘ಮೇಸ್ತ್ರಿ ಸುತ್ತಿಗೆ ಹಿಡ್ಕೊಂಡು ಬಂದದ್ದೇನೋ ಬಂದ. ಬಂದವ ಕೇಳ್ತಾನೆ ಮಾರಾಯ, ಗೋಡೆ ಒಡೆಯುದಾ ಮೆಟ್ಟಿಲು ಒಡೆಯುದಾ, ಬರೆದು ಕೊಡಿ ಅಂತ. ಭಾವನಿಗೆ ಸಿಟ್ಟು ಬಂತು ನೋಡು…’

ಹಿಂದೆ ಕಾನರ್ ಸೀಟಿ ಊದಿದ. ಎದುರು ತಂಡದವರು ಯಲ್ಲಾ, ಯಲ್ಲಾ ಎಂದು ಕೂಗುತ್ತಿದ್ದರು. ನಿಮ್ಮಿಂದ ಆಟ ನಿಂತಿದೆ ಲಾಯರೇ, ಚಲನೆ ಎಲ್ಲಿ ಎಂದು ಲವೀನಾ ದೂರದಿಂದ ಕೇಳಿದಳು. ನಾನು ಅಲುಗಲಿಲ್ಲ. ಭಾವನ ಹೆಂಡತಿ ನಡುವೆ ಬಂದು, ಎರಡನ್ನೂ ಒಡೆಯುವುದು ಬೇಡ, ಮೇಲೆ ಹೋಗಲಿಕ್ಕೆ ಅಲ್ಲಿ ನಮ್ಮದೇನಿದೆ ಎಂದಳಂತೆ. ಈಗ ಆ ಮೆಟ್ಟಿಲ ಮೇಲೆ ಸಾಲಾಗಿ ಹೂವಿನ ಕುಂಡ ಇಟ್ಟಿದ್ದಾರಂತೆ. ಅಷ್ಟು ಹೇಳಿ ಮುಗಿಸಿ ಸದಾನಂದಣ್ಣ ಹಗುರವಾಗಿ ಉಸಿರುಬಿಟ್ಟರು, ಬಾವುಟ ಕೊಡವಿ ಕೈಗೆ ತೆಗೆದುಕೊಂಡು ಹೋಗಿ ತಮ್ಮ ಜಾಗದಲ್ಲಿ ನೆಟ್ಟಗೆ ನಿಂತರು.

ಅವರು ಬೇಕೆಂದೇ ಕೈ ಅಗಲಿಸಿದರು ಎಂಬ ವಾದಕ್ಕೆ ಪುರಾವೆ ಬೇಕು, ನನ್ನ ಬಳಿ ಏನೂ ಇಲ್ಲ. ಪೈಪು ಬಾಗುವುದಂತೂ ನಿಜ, ಅವರಿಗೆ ವಯಸ್ಸಾಗಿರುವುದೂ ನಿಜ. ಆದರೂ ಇಷ್ಟು ದಿನ ದೂರದಿಂದಲೇ ತಲೆ ಕೊಡವಿ ನಾನು ಓಡಿಹೋದ ತೀರ್ಪುಗಳೆಲ್ಲ, ವಾದಕ್ಕೆ ಹೋದ ಲವೀನಾ ಪ್ರತಿ ಸಲ ನಗುತ್ತ ವಾಪಸು ಬಂದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ನನ್ನ ಜಾಗಕ್ಕೆ ಅರ್ಧ ದಾರಿ ಹೋದವನು ತಿರುಗಿ ಬಂದು ಕೇಳಿದೆ. ಅವರು ಕತ್ತೆತ್ತಿ ಪೈಪಿನ ತುದಿಯನ್ನೇ ನೋಡುತ್ತಿದ್ದರು.

‘ಸದಾನಂದಣ್ಣ, ಚೆಂಡು ಒಳಗೆ ಹೋದದ್ದು ನೀವು ನೋಡಿದ್ದೀರಿ, ಅಲ್ವಾ?’